ಚಿತ್ರಸಂತೆಯಲ್ಲಿ ಚಿತ್ರದ ಬೆನ್ನು ನೋಡಿ

ಮನೆಗೆ ಮೊದಲ ಸಲ ಒಂದು ಒರಿಜಿನಲ್ ಚಿತ್ರ ಕೊಳ್ಳಬೇಕು ಅಂತಿದ್ದೀರಾ? ಹಾಗಿದ್ದರೆ ಬೆಂಗಳೂರಿನಲ್ಲಿ ಚಿತ್ರಸಂತೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದಿದ್ದು ಹನ್ನೊಂದು ಗಂಟೆಯ ನಂತರದ ಜನಕ್ಕೆ, ಮತ್ತೆ ಆ ಓಡುವ ಏಳು ಕುದುರೆಗಳಿಗೆ. ಕುದುರೆಗಳ ವಿಷಯ ಆಮೇಲೆ ಹೇಳುತ್ತೇನೆ.

ನಾನು ಚಿತ್ರ ಬರೆಯುವವನಲ್ಲ, ವಿಮರ್ಶಕನೂ ಅಲ್ಲ. ಚಾಮರಾಜಪೇಟೆಯಲ್ಲಿ ಫೋಟೋಗೆ ಕಟ್ಟು ಹಾಕುವ ಅಂಗಡಿ ನಮ್ಮದು. ಅಪ್ಪನ ಕಾಲದಲ್ಲಿ ಲಕ್ಷ್ಮಿ, ವೆಂಕಟರಮಣ, ಮದುವೆ ಫೋಟೋ, ಡಿಗ್ರಿ ಸರ್ಟಿಫಿಕೇಟು, ಇಷ್ಟೇ ಬರುತ್ತಿತ್ತು. ಈಗ ಜನವರಿ ಬಂತೆಂದರೆ ಅಂಗಡಿ ತುಂಬಾ ಸುರುಳಿ ಸುತ್ತಿದ ಕ್ಯಾನ್ವಾಸುಗಳು. ಸಂತೆಯಲ್ಲಿ ಭಾನುವಾರ ಕೊಂಡಿದ್ದು ಸೋಮವಾರ ಬೆಳಿಗ್ಗೆ ನನ್ನ ಟೇಬಲ್ ಮೇಲೆ ಇರುತ್ತದೆ. ಅದಕ್ಕೇ ನಾನು ಈ ಸಂತೆಯನ್ನು ನೋಡುವ ರೀತಿ ಸ್ವಲ್ಪ ಬೇರೆ. ಬೇರೆಯವರು ಚಿತ್ರದ ಮುಖ ನೋಡುತ್ತಾರೆ. ನಾನು ಅಂಚು ನೋಡುತ್ತೇನೆ, ತಿರುಗಿಸಿ ಬೆನ್ನು ನೋಡುತ್ತೇನೆ. ನನ್ನ ಹೆಂಡತಿಗೆ ಇದು ನಾಚಿಕೆ. "ಹೆಣ್ಣು ನೋಡೋಕೆ ಹೋದೋರು ಹಲ್ಲು ಎಣಿಸಿದ ಹಾಗೆ ಆಡ್ತೀರಲ್ಲ" ಅಂತಾಳೆ.

ಗೊತ್ತಿಲ್ಲದವರಿಗೆ ಎರಡು ಮಾತು. ಕರ್ನಾಟಕ ಚಿತ್ರಕಲಾ ಪರಿಷತ್ತು 2004ರಲ್ಲಿ ಇದನ್ನು ಶುರು ಮಾಡಿತು. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಗೆ ವಾಹನ ಬಿಡುವುದಿಲ್ಲ. ಶಿವಾನಂದ ಸರ್ಕಲ್ ಕಡೆಯಿಂದ ವಿಂಡ್ಸರ್ ಮ್ಯಾನರ್ ಕಡೆಯವರೆಗೆ ರಸ್ತೆಯ ಎರಡೂ ಬದಿಯಲ್ಲಿ ಚಿತ್ರಗಳೇ. ಗಾಂಧಿ ಭವನ ಇರುವ ರಸ್ತೆ ಅದು. ಸುಮಾರು ಒಂದೂವರೆ ಸಾವಿರ ಕಲಾವಿದರು ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಿಂದ ಬರುತ್ತಾರೆ. ಪ್ರವೇಶ ಉಚಿತ. ನೂರು ರೂಪಾಯಿಯ ಚಿತ್ರವೂ ಸಿಗುತ್ತದೆ, ಲಕ್ಷದ್ದೂ ಸಿಗುತ್ತದೆ. ಮಧ್ಯೆ ಗ್ಯಾಲರಿಯವರಿಲ್ಲ, ದಲ್ಲಾಳಿ ಇಲ್ಲ. ಬರೆದವರೇ ಚಿತ್ರದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿರುತ್ತಾರೆ. 'ಮನೆಗೊಂದು ಕಲಾಕೃತಿ' ಅನ್ನೋದು ಪರಿಷತ್ತಿನ ಘೋಷಣೆ. ಕೆಲವು ವರ್ಷ ಸಂತೆಯನ್ನು ಯಾರಿಗಾದರೂ ಅರ್ಪಿಸುತ್ತಾರೆ. 2024ರದ್ದು ಇಸ್ರೋ ವಿಜ್ಞಾನಿಗಳಿಗೆ, 2025ರದ್ದು ಹೆಣ್ಣು ಮಗುವಿಗೆ. 2021ರಲ್ಲಿ ಕೊರೋನಾ ಅಂತ ಆನ್‌ಲೈನ್‌ನಲ್ಲಿ ಮಾಡಿದರು. ಪರದೆಯ ಮೇಲೆ ಚಿತ್ರ ನೋಡಬಹುದು ನಿಜ, ಬೆನ್ನು ನೋಡುವುದು ಹೇಗೆ?

ಹೋಗುವುದಾದರೆ ಬೇಗ ಹೋಗಿ. ಎಂಟು, ಎಂಟೂವರೆಗೆ ಅಲ್ಲಿರಬೇಕು. ಆಗ ಇನ್ನೂ ಕೆಲವರು ದಾರ ಕಟ್ಟುತ್ತಿರುತ್ತಾರೆ, ಕೆಲವರು ಟೀ ಕುಡಿಯುತ್ತಿರುತ್ತಾರೆ. ಜನವರಿಯ ಚಳಿಗೆ ರಾತ್ರಿ ಬಸ್ಸಿನಲ್ಲಿ ಬಂದವರ ಮೈಮೇಲೆ ಶಾಲು ಹಾಗೇ ಇರುತ್ತದೆ. ನೀವು ಒಂದು ಪ್ರಶ್ನೆ ಕೇಳಿದರೆ ಅವರು ಹತ್ತು ಉತ್ತರ ಕೊಡುತ್ತಾರೆ. ಹನ್ನೊಂದರ ನಂತರ ಅದೇ ಕಲಾವಿದರು "ರೇಟು ಹಿಂದೆ ಬರೆದಿದೆ ಮೇಡಂ" ಅನ್ನುವುದು ಬಿಟ್ಟು ಬೇರೆ ಮಾತಾಡಲು ಆಗುವುದಿಲ್ಲ. ಮಧ್ಯಾಹ್ನ ಮೂರರಿಂದ ಆರರವರೆಗೆ ಚಿತ್ರ ನೋಡುವುದಿಲ್ಲ, ಮುಂದಿನವರ ತಲೆ ನೋಡುತ್ತೀರಿ. ಚಿತ್ರದ ಮುಂದೆ ನಿಂತು ಸೆಲ್ಫಿ ತೆಗೆಯುವವರ ಕೈ ತಪ್ಪಿಸಿಕೊಂಡು ಹೋಗುವುದೇ ಕೆಲಸ.

ಕಾರು ಬೇಡ. ಮೆಟ್ರೋದಲ್ಲಿ ಮಂತ್ರಿ ಸ್ಕ್ವೇರ್ ಸಂಪಿಗೆ ರೋಡ್ ಸ್ಟೇಷನ್‌ಗೆ ಬಂದು ಶೇಷಾದ್ರಿಪುರದ ಕಡೆಯಿಂದ ನಡೆದರೆ ಅರ್ಧ ಗಂಟೆಯೊಳಗೆ ಶಿವಾನಂದ ಸರ್ಕಲ್. ವಾಪಸ್ ಬರುವಾಗ ಮೂರಡಿ ಚಿತ್ರ ಹಿಡಿದುಕೊಂಡು ಮೆಟ್ರೋ ಹತ್ತುವುದು ಕಷ್ಟ, ಆಗ ಆಟೋ ನೋಡಿ. ಆದರೆ ಆಟೋ ಸಂತೆಯ ಬಾಯಲ್ಲಿ ಸಿಗುವುದಿಲ್ಲ. ಸ್ವಲ್ಪ ದೂರ ನಡೆದು ಹಿಡಿಯಬೇಕು. ಕೈಯಲ್ಲಿ ಒಂದಿಷ್ಟು ನೋಟು ಇರಲಿ. ಲಕ್ಷಗಟ್ಟಲೆ ಜನ ಒಂದೇ ರಸ್ತೆಯಲ್ಲಿ ಸೇರಿದಾಗ ಮೊಬೈಲ್ ನೆಟ್‌ವರ್ಕ್ ಮಂಕಾಗುತ್ತದೆ, ದುಡ್ಡು ಹೋಯಿತೋ ಇಲ್ಲವೋ ಅಂತ ಇಬ್ಬರೂ ಪರದೆ ನೋಡುತ್ತಾ ನಿಲ್ಲಬೇಕಾಗುತ್ತದೆ.

ಹೊರಡುವ ಮುಂಚೆ ಗೋಡೆ ಅಳೆದುಕೊಳ್ಳಿ. ಸೋಫಾ ಮೇಲಿನ ಗೋಡೆಗೆ ಅಂತ ಕೊಂಡು ತರುತ್ತಾರೆ, ಆಮೇಲೆ ನೋಡಿದರೆ ಅಲ್ಲಿ ಸ್ವಿಚ್ ಬೋರ್ಡ್ ಅಡ್ಡ. ಚಿತ್ರದ ಅಳತೆಗೆ ಕಟ್ಟಿನ ಅಗಲ ಸೇರಿಸಬೇಕು. ಮೌಂಟ್, ಅಂದರೆ ಚಿತ್ರದ ಸುತ್ತ ರಟ್ಟಿನ ಅಂಚು, ಹಾಕಿಸಿದರೆ ಇನ್ನೂ ದೊಡ್ಡದಾಗುತ್ತದೆ. ಎ3 ಹಾಳೆಯ ಒಂದು ಜಲವರ್ಣ ಚಿತ್ರ ಮೌಂಟು, ಗ್ಲಾಸು, ಫ್ರೇಮು ಎಲ್ಲ ಆದ ಮೇಲೆ ಒಂದೂಮುಕ್ಕಾಲು ಅಡಿಗೆ ಎರಡಡಿ ಹತ್ತಿರ ಹೋಗುತ್ತದೆ. ಇನ್ನೊಂದು ಮಾತು, ವ್ಯಾಪಾರಕ್ಕೆ ವಿರುದ್ಧವಾದರೂ ಹೇಳುತ್ತೇನೆ. ಐನೂರು ರೂಪಾಯಿ ಚಿತ್ರಕ್ಕೆ ಕಟ್ಟಿನ ಖರ್ಚು ಅದಕ್ಕಿಂತ ಜಾಸ್ತಿ ಆಗಬಹುದು. ಬಜೆಟ್ ಹಾಕುವಾಗ ಅದನ್ನೂ ಸೇರಿಸಿಕೊಳ್ಳಿ. ಅಂಗಡಿಗೆ ಬಂದು "ಚಿತ್ರಕ್ಕಿಂತ ನಿಮ್ಮ ಮರವೇ ದುಬಾರಿಯಾಯ್ತಲ್ಲ ಸಾರ್" ಅಂದರೆ ನಾನೇನು ಹೇಳಲಿ.

ಈಗ ಬೆನ್ನಿನ ವಿಷಯಕ್ಕೆ ಬರುತ್ತೇನೆ.

ಸಂತೆಯಲ್ಲಿ ಹೆಚ್ಚಾಗಿ ಕಾಣುವುದು ಕ್ಯಾನ್ವಾಸ್ ಮೇಲಿನ ಅಕ್ರಿಲಿಕ್, ಅಂದರೆ ನೀರಿನಲ್ಲಿ ಕಲಸುವ ಪ್ಲಾಸ್ಟಿಕ್ ಥರದ ಬಣ್ಣ. ಬೇಗ ಒಣಗುತ್ತದೆ, ಸುತ್ತಿಕೊಂಡು ತರಬಹುದು, ಕಲಾವಿದರಿಗೂ ಅನುಕೂಲ. ಇದನ್ನು ಗೋಡೆಗೆ ಹಾಕಬೇಕಾದರೆ ಮೊದಲು ಸ್ಟ್ರೆಚರ್ ಅನ್ನುವ ಮರದ ಒಳಚೌಕಟ್ಟಿನ ಮೇಲೆ ಎಳೆದು ಹಿಂದೆ ಪಿನ್ ಹೊಡೆಯಬೇಕು. ಎಳೆಯಬೇಕಾದರೆ ಚಿತ್ರದ ಸುತ್ತ ಖಾಲಿ ಬಟ್ಟೆ ಬೇಕು, ಕನಿಷ್ಠ ಎರಡು ಇಂಚು. ತುಂಬಾ ಹುಡುಗರು ಅಂಚಿನವರೆಗೂ ಬಣ್ಣ ಬಳಿದಿರುತ್ತಾರೆ. ಆಗ ನಾನು ಚಿತ್ರವನ್ನೇ ಮಡಚಬೇಕಾಗುತ್ತದೆ. ನಾಲ್ಕೂ ಕಡೆ ಒಂದೂವರೆ ಇಂಚು ಒಳಗೆ ಹೋಗುತ್ತದೆ. ಸಹಿ ಎಲ್ಲಿರುತ್ತದೆ ಹೇಳಿ? ಕೆಳಗಿನ ಬಲ ಮೂಲೆಯಲ್ಲಿ, ಅಂಚಿಗೆ ಅಂಟಿಕೊಂಡು. ಅದೂ ಮಡಿಕೆಯೊಳಗೆ ಮಾಯ. ಆಮೇಲೆ ಗಿರಾಕಿ ನನ್ನ ಮುಖ ನೋಡುತ್ತಾರೆ. ಹಾಗಾಗಿ ಕ್ಯಾನ್ವಾಸ್ ಕೊಳ್ಳುವಾಗ ಮೊದಲು ಅಂಚಿನಲ್ಲಿ ಬಿಳಿ ಬಟ್ಟೆ ಇದೆಯಾ ನೋಡಿ. ಇಲ್ಲದಿದ್ದರೆ, ಅಂಚು ಮುಚ್ಚದ ಹಾಗೆ ಬೇರೆ ಥರ ಕಟ್ಟು ಹಾಕಿಸಬೇಕು, ಅದಕ್ಕೆ ಕೆಲಸ ಜಾಸ್ತಿ.

ಸುತ್ತುವ ರೀತಿಯೂ ಮುಖ್ಯ. ಬಣ್ಣದ ಮುಖ ಹೊರಗೆ ಬರುವ ಹಾಗೆ ಸುತ್ತಬೇಕು. ಎಲ್ಲರೂ ಚಿತ್ರ ಹಾಳಾಗಬಾರದು ಅಂತ ಬಣ್ಣವನ್ನು ಒಳಗೆ ಮಾಡಿ ಸುತ್ತುತ್ತಾರೆ. ಆಗ ಬಣ್ಣದ ಪದರ ಒತ್ತಿಕೊಂಡು ಸುಕ್ಕಾಗುತ್ತದೆ, ಬಿಸಿಲಿಗೆ ಒಂದಕ್ಕೊಂದು ಅಂಟುತ್ತದೆ. ಬಟರ್ ಪೇಪರ್ ಹಾಕಿ, ಬಣ್ಣ ಹೊರಗಿಟ್ಟು, ಅಗಲವಾದ ಕೊಳವೆಗೆ ಸುತ್ತಿಸಿಕೊಳ್ಳಿ. ಸಣ್ಣ ಕೊಳವೆಗೆ ಬಿಗಿಯಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೆ ಆ ಗೆರೆ ಜನ್ಮಕ್ಕೆ ಹೋಗುವುದಿಲ್ಲ. ಎಣ್ಣೆ ಬಣ್ಣದ ಚಿತ್ರವಾದರೆ ಹಿಂದೆ ಮೂಸಿ ನೋಡಿ. ಅಗಸೆ ಎಣ್ಣೆಯ ವಾಸನೆ ಜೋರಾಗಿದ್ದರೆ ಇನ್ನೂ ಹಸಿ ಅಂತ ಅರ್ಥ. ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಒಣಗಲು ತಿಂಗಳುಗಳು ಬೇಕು. ಅದನ್ನು ಸುತ್ತಲೇಬೇಡಿ.

ಹಾಳೆಯ ಚಿತ್ರಗಳಿಗೆ ಹಾಳೆಯ ದಪ್ಪ ಕೇಳಿ. ಜಲವರ್ಣಕ್ಕೆ 300 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ) ಅಂದರೆ ನೆಮ್ಮದಿ. ತೆಳು ಡ್ರಾಯಿಂಗ್ ಹಾಳೆಯಾದರೆ ನಮ್ಮ ಊರಿನ ಮಳೆಗಾಲಕ್ಕೆ ಗ್ಲಾಸಿನ ಒಳಗೇ ಅಲೆ ಅಲೆಯಾಗುತ್ತದೆ. ಸ್ಕೆಚ್ ಪೆನ್ನಿನ ಬಣ್ಣ ಬಿಸಿಲಿಗೆ ಮಾಸುತ್ತದೆ, ಚಂದ ಕಂಡರೂ ಯೋಚನೆ ಮಾಡಿ. ಇದ್ದಿಲು ಅಥವಾ ಪ್ಯಾಸ್ಟಲ್‌ನಲ್ಲಿ ಬರೆದದ್ದಾದರೆ ಪುಡಿ ಉದುರದ ಹಾಗೆ ಹಿಡಿಸುವ ಸ್ಪ್ರೇ, ಅಂದರೆ ಫಿಕ್ಸೇಟಿವ್, ಹೊಡೆದಿದ್ದಾರಾ ಕೇಳಿ, ಮತ್ತೆ ಮಟ್ಟಸವಾಗಿ ಎರಡು ರಟ್ಟಿನ ನಡುವೆ ತೆಗೆದುಕೊಂಡು ಬನ್ನಿ. ಸುತ್ತಿದರೆ ಅರ್ಧ ಚಿತ್ರ ಹಾಳೆಯಲ್ಲಿ, ಅರ್ಧ ಚಿತ್ರ ನಿಮ್ಮ ಅಂಗಿಯಲ್ಲಿ.

ಹಾಳೆಯ ಹಿಂದೆ ಸೆಲ್ಲೋಟೇಪ್ ಹಚ್ಚಿದ್ದಾರಾ ಅಂತಲೂ ನೋಡಿ. ಕೆಲವು ವರ್ಷದಲ್ಲಿ ಹಳದಿ ಕಲೆ ಮುಂದಕ್ಕೆ ಬರುತ್ತದೆ. ನನಗೆ ಸಂತೆಯಲ್ಲಿ ಸಿಟ್ಟು ಬರುವುದು ಇಂಥ ಸಣ್ಣ ವಿಷಯಕ್ಕೆ. ಅಷ್ಟು ನಯವಾಗಿ ಹಂಪಿಯ ಕಲ್ಲು ಬರೆದವರು ಹಿಂದೆ ಅರ್ಧ ರೋಲ್ ಸೆಲ್ಲೋಟೇಪ್ ಹಚ್ಚಿರುತ್ತಾರೆ.

ಪ್ರಿಂಟು ಯಾವುದು, ಒರಿಜಿನಲ್ ಯಾವುದು ಅಂತ ಗುರುತಿಸುವುದು ದೊಡ್ಡ ವಿದ್ಯೆಯೇನಲ್ಲ. ಕ್ಯಾನ್ವಾಸ್ ಮೇಲೆ ಪ್ರಿಂಟ್ ಹೊಡೆಸಿ, ಮೇಲೆ ಪಾರದರ್ಶಕ ಜೆಲ್ ಅನ್ನು ಬ್ರಷ್‌ನಲ್ಲಿ ಬಳಿದರೆ ದೂರದಿಂದ ಕೈಯಲ್ಲಿ ಬರೆದ ಹಾಗೇ ಕಾಣುತ್ತದೆ. ಹತ್ತಿರ ಹೋಗಿ ಓರೆಯಾಗಿ ನೋಡಿ. ಬ್ರಷ್ಷಿನ ಉಬ್ಬು ಒಂದು ಕಡೆ ಹೋಗುತ್ತಿರುತ್ತದೆ, ಬಣ್ಣದ ಗಡಿ ಇನ್ನೊಂದು ಕಡೆ. ಎಲೆಯ ಅಂಚಿನಲ್ಲಿ ಬಣ್ಣ ನಿಂತಿದ್ದರೂ ಉಬ್ಬು ಮಾತ್ರ ಆಕಾಶದೊಳಗೆ ಮುಂದುವರಿದಿರುತ್ತದೆ. ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿದರೆ ಸಣ್ಣ ಚುಕ್ಕಿಗಳೂ ಕಾಣಬಹುದು. ಪ್ರಿಂಟ್ ಮಾರುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. "ಇದು ಪ್ರಿಂಟು, ಇನ್ನೂರು ರೂಪಾಯಿ" ಅಂತ ನೇರವಾಗಿ ಹೇಳಿ ಮಾರುವವರು ಬೇಕಾದಷ್ಟು ಜನ ಇದ್ದಾರೆ, ಕಾಲೇಜು ಹುಡುಗರ ರೂಮಿಗೆ ಅದು ಚೆನ್ನಾಗಿಯೇ ಇರುತ್ತದೆ. ಬೆಲೆ ಸಾವಿರಗಳಲ್ಲಿ ಇದ್ದಾಗ ಬಾಯಿಬಿಟ್ಟು ಕೇಳಿ, ಅಷ್ಟೇ. ಬರೆದವರು ಪಕ್ಕದಲ್ಲೇ ಇದ್ದಾರೆ ಅಲ್ವಾ.

ಮೈಸೂರು ಶೈಲಿಯ ಚಿತ್ರಗಳ ಮುಂದೆ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ. ಅಪ್ಪನ ಕಾಲದಿಂದ ಅಂಗಡಿಗೆ ಬರುತ್ತಿದ್ದ ದೇವರ ಪಟಗಳ ಹಿರಿಯರು ಅವು. ಮೈಸೂರಿನದಕ್ಕೂ ತಂಜಾವೂರಿನದಕ್ಕೂ ಗೊಂದಲ ಮಾಡಿಕೊಳ್ಳುವವರು ತುಂಬಾ. ಸುಲಭದ ಗುರುತು ಅಂದರೆ ಗೆಸ್ಸೋ ಕೆಲಸ, ಅಂದರೆ ಒಡವೆ, ಕಿರೀಟ, ಸೀರೆಯ ಅಂಚಿಗೆ ಉಬ್ಬು ಕೊಡುವ ಕೆಲಸ. ತಂಜಾವೂರಿನಲ್ಲಿ ಉಬ್ಬು ದಪ್ಪ, ಮೇಲೆ ಗಾಜಿನ ಕಲ್ಲು ಕೂರಿಸುತ್ತಾರೆ. ಮೈಸೂರಿನದರಲ್ಲಿ ಉಬ್ಬು ತೆಳು, ಬೆರಳಿಗೆ ಸಿಕ್ಕೂ ಸಿಗದ ಹಾಗಿರುತ್ತದೆ. ಗೆರೆ ನವಿರು. ಮುಖದಲ್ಲಿ ಒಂದು ಶಾಂತಿ. ಅದರ ಮೇಲೆ ಚಿನ್ನದ ಹಾಳೆ. ಕೇಳಬೇಕಾದ ಪ್ರಶ್ನೆ ಇಲ್ಲೇ ಇರುವುದು: ಹಾಳೆ ನಿಜವಾದ ಚಿನ್ನದ್ದಾ, ಇಮಿಟೇಷನ್ನಾ? ಎರಡೂ ಮೊದಲ ದಿನ ಒಂದೇ ಥರ ಹೊಳೆಯುತ್ತವೆ. ಇಮಿಟೇಷನ್‌ನಲ್ಲಿ ತಾಮ್ರ ಇರುವುದರಿಂದ ಗಾಳಿ ತಾಗಿ ಬರಬರುತ್ತಾ ಕಪ್ಪಾಗುತ್ತದೆ. ಬೆಲೆಯಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಒಂದು ಅಡಿಯ ಚಿತ್ರಕ್ಕೆ ತೀರಾ ಕಡಿಮೆ ಹೇಳಿ, ಚಿನ್ನವೂ ನಿಜ ಅಂದರೆ ನನಗೆ ಅನುಮಾನ.

ಈ ಚಿತ್ರಗಳನ್ನು ಸುತ್ತಬಾರದು, ಬಗ್ಗಿಸಲೂಬಾರದು. ಉಬ್ಬು ಬಿರುಕು ಬಿಡುತ್ತದೆ. ಕಟ್ಟು ಹಾಕಿಸುವಾಗ ಗ್ಲಾಸು ಚಿನ್ನಕ್ಕೆ ತಾಗದ ಹಾಗೆ ನಡುವೆ ಪಟ್ಟಿ ಇಡಿಸಬೇಕು. ಇಷ್ಟು ಹೇಳದೆ ಹೋದರೆ ಕೆಲವರು ನೇರವಾಗಿ ಗ್ಲಾಸ್ ಒತ್ತಿ ಮೊಳೆ ಹೊಡೆದು ಕೊಡುತ್ತಾರೆ. ನನ್ನ ಬಳಿ ರಿಪೇರಿಗೆ ಬಂದಿದ್ದ ಒಂದು ರಾಜರಾಜೇಶ್ವರಿಯ ಕಿರೀಟ ಗ್ಲಾಸಿನ ಜೊತೆಗೇ ಎದ್ದು ಬಂದಿತ್ತು. ಬೇರೆ ಊರಿನ ಅಂಗಡಿಯ ಕೆಲಸ ಅದು. ಹೆಸರು ಬೇಡ.

ನಮ್ಮ ನಾಡಿನ ಇನ್ನೊಂದು ಕಲೆ ಸಾಗರ ಕಡೆಯ ದೀವರ ಸಮುದಾಯದ ಚಿತ್ತಾರ. ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಬ್ರಷ್ಷಿನ ಬದಲು ಪುಂಡಿ ನಾರು. ಗೆರೆ ಒಂದಿಷ್ಟೂ ಅಲುಗಿರುವುದಿಲ್ಲ. ಅದು ಮನೆಯ ಗೋಡೆಯ ಮೇಲೆ ಹೆಂಗಸರು ಬರೆಯುತ್ತಿದ್ದ ಚಿತ್ರ, ಈಗ ಹಾಳೆ, ಬಟ್ಟೆ, ಬುಟ್ಟಿಯ ಮೇಲೂ ಬರುತ್ತಿದೆ. ನೀವು ಸಂತೆಯಲ್ಲಿ ಚಿತ್ತಾರ ಕಂಡರೆ ನಿಂತು ಬಣ್ಣ ಯಾವುದರದ್ದು ಅಂತ ಕೇಳಿ. ಮಣ್ಣಿನ ಬಣ್ಣದ್ದಾದರೆ ಗ್ಲಾಸ್ ಇಲ್ಲದೆ ಗೋಡೆಗೆ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಲೇಬೇಡಿ. ಕೆಲಸದವರಿಗೂ ಹೇಳಿಡಿ.

ಈಗ ಕುದುರೆಗಳು. ಏಳು ಬಿಳಿ ಕುದುರೆ, ನೀರಿನಲ್ಲಿ ಓಡುತ್ತಾ, ಹಿಂದೆ ಸೂರ್ಯ. ವಾಸ್ತು ಅಂತ ಕೊಳ್ಳುತ್ತಾರೆ. ಅದರ ಪಕ್ಕ ಅರ್ಧ ಮುಖದ ಬುದ್ಧ. ಅದರ ಪಕ್ಕ ಗಣಪತಿ. ಆಮೇಲೆ ಕಾಶಿಯ ಘಾಟು, ಮಳೆಯಲ್ಲಿ ಕೊಡೆ ಹಿಡಿದು ಹೋಗುವ ಜೋಡಿ, ಮತ್ತೆ ಬುದ್ಧ. ಮಾರಾಟ ಆಗುವುದನ್ನು ಬರೆಯುತ್ತಾರೆ, ಹೊಟ್ಟೆಪಾಡು, ನಾನು ಯಾರು ಕೇಳುವುದಕ್ಕೆ? ನನ್ನ ಅಂಗಡಿಗೂ ಕುದುರೆಯಿಂದಲೇ ಒಳ್ಳೆಯ ವ್ಯಾಪಾರ. ಆದರೂ ಒಂದು ರಸ್ತೆಯಲ್ಲಿ ಅಷ್ಟು ಬುದ್ಧರು ಕಣ್ಣು ಮುಚ್ಚಿ ಕೂತಿರುವುದನ್ನು ನೋಡಿದರೆ, ಅವರೂ ಬೇಜಾರಾಗಿಯೇ ಕಣ್ಣು ಮುಚ್ಚಿದ್ದಾರೇನೋ ಅನಿಸುತ್ತದೆ. ಅಂಥದ್ದನ್ನು ದಾಟಿ ನಡೆಯಿರಿ. ತಮ್ಮ ಊರನ್ನು ಬರೆದವರನ್ನು ಹುಡುಕಿ. ಒಂದು ಸಲ ಕಲಬುರಗಿ ಕಡೆಯ ಒಬ್ಬ ಹುಡುಗ ಬರೀ ತೊಗರಿ ಹೊಲಗಳನ್ನೇ ತಂದಿದ್ದ. ಕಟಾವಾದ ಮೇಲಿನ ಹೊಲ, ಕಂದು ಕಡ್ಡಿ, ದೂರದಲ್ಲಿ ಒಂದು ಟ್ರ್ಯಾಕ್ಟರ್. ಜನ ನೋಡಿ ಮುಂದೆ ಹೋಗುತ್ತಿದ್ದರು.

"ಎಷ್ಟಪ್ಪಾ ಇದು?" ಅಂದೆ.

"ಎರಡೂವರೆ ಸಾವಿರ ರೀ. ಚೌಕಟ್ಟ ನೀವೇ ಹಾಕ್ಕೋಬೇಕ್ ನೋಡ್ರಿ."

"ಅದೊಂದು ನನಗೆ ಬಿಡು" ಅಂದೆ. ಈಗ ಅದು ಅಂಗಡಿಯ ಗಲ್ಲಾ ಪೆಟ್ಟಿಗೆಯ ಮೇಲೆ ಇದೆ. ಮಾರಾಟಕ್ಕಲ್ಲ, ಎಷ್ಟು ಜನ ಕೇಳಿದರೂ.

ಚೌಕಾಸಿ ಬಗ್ಗೆ ನನ್ನ ಅಭಿಪ್ರಾಯ ಕೇಳುವವರು ಜಾಸ್ತಿ. ಮಾಡಬಹುದು. ಸಂತೆಯಲ್ಲಿ ಮಾತಾಡದೆ ಇರಲು ಆಗುತ್ತದಾ? ಎರಡು ಚಿತ್ರ ಕೊಂಡರೆ ಸ್ವಲ್ಪ ಕಡಿಮೆ ಮಾಡಿ ಅನ್ನುವುದು ನ್ಯಾಯವಾದ ಮಾತು. ಆದರೆ ಸಂಜೆ ಏಳರವರೆಗೆ ಕಾದು, ವಾಪಸ್ ಹೊತ್ತುಕೊಂಡು ಹೋಗಬೇಕಲ್ಲ ಅಂತ ಅವರು ಸೋತ ಹೊತ್ತಿಗೆ ಹೋಗಿ ಅರ್ಧಕ್ಕೆ ಕೇಳುವ ಜನ ಇದ್ದಾರೆ. ನಾಲ್ಕು ಸಾವಿರದ ಚಪ್ಪಲಿ ಹಾಕಿಕೊಂಡು ಬಂದು ಆರುನೂರರ ಚಿತ್ರಕ್ಕೆ ಮುನ್ನೂರು ಅನ್ನುತ್ತಾರೆ. ಅವರ ಸುರುಳಿ ನನ್ನ ಅಂಗಡಿಗೆ ಬಂದಾಗ ನಾನೂ ಒಂದು ಪೈಸೆ ಬಿಡುವುದಿಲ್ಲ, ಸುಮ್ನೆ ಹೇಳಿದೆ.

ಕೊಂಡ ಮೇಲೆ ಒಂದು ಕೆಲಸ ಮರೆಯಬೇಡಿ. ಚಿತ್ರದ ಹಿಂದೆ ಕಲಾವಿದರ ಕೈಯಲ್ಲೇ ಹೆಸರು, ಊರು, ಯಾವ ಬಣ್ಣ, ಯಾವ ವರ್ಷ ಅಂತ ಬರೆಸಿಕೊಳ್ಳಿ. ಪೆನ್ಸಿಲ್‌ನಲ್ಲಿ ಸಾಕು, ಪೆನ್ನಿನ ಶಾಯಿ ಮುಂದಕ್ಕೆ ಇಂಗಬಹುದು. ಸಹಿ ಓದಲು ಬರದ ಚಿತ್ರಗಳು ನನ್ನ ಹತ್ತಿರ ರಾಶಿ ಬರುತ್ತವೆ. "ಯಾರು ಬರೆದಿದ್ದು?" ಅಂದರೆ "ಗಡ್ಡ ಬಿಟ್ಟಿದ್ದರು" ಅನ್ನುತ್ತಾರೆ. ಅಲ್ಲಿ ಗಡ್ಡ ಇಲ್ಲದವರು ಎಷ್ಟು ಜನ ಸಿಕ್ಕಾರು?

ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ. ಕೆಲವರು ಚಿತ್ರದ ಫೋಟೋ ತೆಗೆದುಕೊಂಡು ಹೋಗಿ ಪ್ರಿಂಟ್ ಹೊಡೆಸಿ ಕಟ್ಟು ಹಾಕಿಸಲು ತರುತ್ತಾರೆ. ನಾನು ಅಂಥವನ್ನು ವಾಪಸ್ ಕಳಿಸುತ್ತೇನೆ.

ಬೀದಿ ಜಾತ್ರೆಯ ಲೆಕ್ಕದಲ್ಲಿ ನೋಡಿದರೂ ಚಿತ್ರಸಂತೆ ಮಜಾ. ಚುರುಮುರಿ, ಸುಟ್ಟ ಜೋಳ, ಐಸ್‌ಕ್ರೀಮು ಸಿಗುತ್ತವೆ. ದಯವಿಟ್ಟು ತಿಂದು, ಕೈ ಒರೆಸಿಕೊಂಡು ಆಮೇಲೆ ಚಿತ್ರದ ಹತ್ತಿರ ಬನ್ನಿ. ಎಣ್ಣೆ ಬೆರಳಿನ ಗುರುತು ಹಾಳೆಯಿಂದ ತೆಗೆಯಲು ನನಗೂ ಬರುವುದಿಲ್ಲ. ಮಕ್ಕಳಿಗಂತೂ ಹಬ್ಬ. ಸ್ಥಳದಲ್ಲೇ ಕೂರಿಸಿಕೊಂಡು ಮುಖ ಬರೆದುಕೊಡುವವರ ಮುಂದೆ ಸಾಲು ಇರುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ನಿಮ್ಮನ್ನು ಇದ್ದಿಲಿನಲ್ಲಿ ಇಳಿಸುತ್ತಾರೆ. ಕೊಟ್ಟ ದುಡ್ಡಿಗೆ ಸಂತೆಯಲ್ಲಿ ಇದಕ್ಕಿಂತ ಒಳ್ಳೆಯ ಖುಷಿ ಇಲ್ಲ. ನನ್ನ ಹೆಂಡತಿಯದನ್ನೂ ಬರೆಸಿದೆವು. ಮೂಗು ತನ್ನದಲ್ಲ, ತನ್ನ ಅತ್ತಿಗೆಯದು ಅಂತ ಅವಳ ವಾದ. ನಾನು ಅದನ್ನು ತೇಗದ ಕಟ್ಟಿನಲ್ಲಿ ಹಾಕಿಕೊಟ್ಟೆ. ಅದು ಬೀರುವಿನ ಹಿಂದೆ ಇದೆ.

ನಮ್ಮ ಊರಿಗೆ ರಸ್ತೆ ಮುಚ್ಚಿ ಜಾತ್ರೆ ಮಾಡುವುದು ಹೊಸದಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆ ತುಂಬುವುದನ್ನು ನಾನು ಚಡ್ಡಿ ಹಾಕುವ ಕಾಲದಿಂದ ನೋಡಿದ್ದೇನೆ. ಅಲ್ಲಿ ಜನ ಹೇಗೆ ನೂಕಿದರೂ ಬೇಜಾರಾಗುವುದಿಲ್ಲ, ಯಾಕೆಂದರೆ ಕಡಲೆಕಾಯಿಯನ್ನು ನಿಂತು ನೋಡಬೇಕಿಲ್ಲ. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಚರ್ಚ್ ಸ್ಟ್ರೀಟ್‌ಗೆ ವಾಹನ ಬಿಡದೆ ನಡೆಯುವವರಿಗೆ ಮಾತ್ರ ಬಿಟ್ಟಿದ್ದರು, ಅದೂ ಚೆನ್ನಾಗಿತ್ತು. ಆದರೆ ಅಲ್ಲಿಗೆ ಹೋಗುವುದು ಓಡಾಡಲು, ಕಾಫಿ ಕುಡಿಯಲು. ಚಿತ್ರಕ್ಕೆ ಅವಸರ ಆಗುವುದಿಲ್ಲ. ಒಂದು ಚಿತ್ರದ ಮುಂದೆ ಎರಡು ನಿಮಿಷ ನಿಲ್ಲುವಷ್ಟು ಜಾಗ ಬೇಕು. ಒಂದೇ ದಿನಕ್ಕೆ ಅಷ್ಟು ಚಿತ್ರ, ಅಷ್ಟು ಜನ ಬಂದಾಗ ಆ ಎರಡು ನಿಮಿಷವೇ ಕಷ್ಟವಾಗುತ್ತದೆ. ಎರಡು ದಿನ ಮಾಡಿದರೆ ನಾನು ಐದಕ್ಕೆ ಐದು ಕೊಡುತ್ತಿದ್ದೆ. ಕುದುರೆಗಳನ್ನೂ ಕ್ಷಮಿಸುತ್ತಿದ್ದೆ.

ಇನ್ನೊಂದು ಸಲಹೆ. ಸಂತೆಗೆ ಬರುವವರಲ್ಲಿ ಎಷ್ಟೋ ಜನ ಚಿತ್ರಕಲಾ ಪರಿಷತ್ತಿನ ಒಳಗೆ ಯಾವತ್ತೂ ಕಾಲಿಟ್ಟಿರುವುದಿಲ್ಲ. ಎಂ. ಎಸ್. ನಂಜುಂಡರಾಯರು ಕಟ್ಟಿದ ಸಂಸ್ಥೆ, 1960ರಿಂದ ಇದೆ. ಬೇರೆ ಯಾವುದಾದರೂ ದಿನ, ಜನ ಇಲ್ಲದಾಗ ಹೋಗಿ. ಹಳೆಯ ಮೈಸೂರು ಚಿತ್ರಗಳಿವೆ, ತೊಗಲುಗೊಂಬೆಗಳಿವೆ, ರಷ್ಯಾದ ಕಲಾವಿದರಾದ ರೋರಿಕ್ ಅಪ್ಪ ಮಗನ ಚಿತ್ರಗಳಿವೆ. ಮಗ ಸ್ವೆಟೊಸ್ಲಾವ್ ರೋರಿಕ್ ನಮ್ಮ ಕನಕಪುರ ರಸ್ತೆಯ ತಾತಗುಣಿಯಲ್ಲಿ ಹೆಂಡತಿ, ಸಿನಿಮಾ ನಟಿ ದೇವಿಕಾ ರಾಣಿಯವರ ಜೊತೆ ಬಾಳಿದವರು. ಹಳೆಯ ಮೈಸೂರು ಚಿತ್ರಗಳನ್ನು ಕಣ್ಣು ತುಂಬಾ ನೋಡಿಕೊಂಡು ಸಂತೆಗೆ ಬಂದರೆ, ಹೊಸಬರಲ್ಲಿ ಯಾರ ಗೆರೆ ಗಟ್ಟಿ ಅಂತ ನಿಮಗೇ ಗೊತ್ತಾಗುತ್ತದೆ. ಆಮೇಲೆ ಯಾರನ್ನೂ ಕೇಳಬೇಕಿಲ್ಲ, ನನ್ನನ್ನೂ ಸೇರಿಸಿ.

ಕೊಂಡು ತಂದಿದ್ದನ್ನು ಮನೆಯಲ್ಲಿ ಎಲ್ಲಿಡಬೇಕು ಅನ್ನುವುದು ಕೊನೆಯ ಮಾತು. ಕ್ಯಾನ್ವಾಸನ್ನು ಸುರುಳಿಯಿಂದ ಬಿಚ್ಚಿ, ಬಣ್ಣದ ಮುಖ ಮೇಲೆ ಮಾಡಿ ಮಂಚದ ಮೇಲೆ ಹರಡಿಬಿಡಿ. ಹಾಳೆಯನ್ನು ನ್ಯೂಸ್‌ಪೇಪರ್ ನಡುವೆ ಇಡಬೇಡಿ, ಅಕ್ಷರ ಇಳಿಯುತ್ತದೆ. ಸಂಜೆ ಬಿಸಿಲು ನೇರ ಬೀಳುವ ಗೋಡೆ ಜಲವರ್ಣಕ್ಕೆ ಬೇಡ. ಬಚ್ಚಲುಮನೆಗೆ ಅಂಟಿದ ಗೋಡೆ ಯಾವುದಕ್ಕೂ ಬೇಡ, ಮಳೆಗಾಲ ಮುಗಿಯುವ ಹೊತ್ತಿಗೆ ಗ್ಲಾಸಿನ ಒಳಗೆ ಬೂಸ್ಟು ಬಂದಿರುತ್ತದೆ. ಕಟ್ಟಿನ ಹಿಂದಿನ ಕೆಳಗಿನ ಎರಡು ಮೂಲೆಗೆ ಸಣ್ಣ ರಬ್ಬರ್ ಅಥವಾ ಕಾರ್ಕ್ ತುಂಡು ಅಂಟಿಸಿಕೊಡಲು ಹೇಳಿ. ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಕಟ್ಟು ಹಾಕುವವರು ಹಿಂದೆ ಸಾದಾ ರಟ್ಟು ಇಡಲು ಹೊರಟರೆ ಬೇಡ ಅನ್ನಿ, ಆ್ಯಸಿಡ್ ಇಲ್ಲದ ಬೋರ್ಡ್ ಕೇಳಿ. ಸ್ವಲ್ಪ ಜಾಸ್ತಿ ಆಗುತ್ತದೆ, ಆದರೆ ಹಾಳೆ ಹಳದಿಯಾಗುವುದಿಲ್ಲ.

ಮತ್ತೆ, ಸೋಮವಾರ ಬೆಳಿಗ್ಗೆಯೇ ಯಾವ ಕಟ್ಟಿನ ಅಂಗಡಿಗೂ ಓಡಬೇಡಿ. ಅವತ್ತು ನಮಗೆ ಉಸಿರಾಡಲು ಪುರುಸೊತ್ತು ಇರುವುದಿಲ್ಲ, ಅವಸರದಲ್ಲಿ ಒಳ್ಳೆಯ ಮೂಲೆ ಕೂಡುವುದಿಲ್ಲ. ಸಂಕ್ರಾಂತಿ ಮುಗಿಸಿಕೊಂಡು, ಗೋಡೆಯ ಅಳತೆ ಬರೆದುಕೊಂಡು ನಿಧಾನವಾಗಿ ಬನ್ನಿ.